ಒಂದು ಗೇಣು ತಂತಿ

ಫರ್ನೇಸಿನೊಳಗೆ ಗ್ಯಾಸು ಸುಯ್ಯೆಂದು ಬಂತು, ಉರಿ ಮಾತ್ರ ಬರಲಿಲ್ಲ. ಕಲ್ಲಿನಾಥ ಮನಸ್ಸಿನಲ್ಲೇ ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಭುಗ್ಗೆಂದು ಹೊತ್ತಿಕೊಂಡ ಸದ್ದಿಗೆ ಬೇಸ್‌ಮೆಂಟಿನ ತಗಡಿನ ಕೊಳವೆಗಳೆಲ್ಲ ಅದುರಿದವು. ಮೆಟ್ಟಿಲ ಮೇಲೆ ನಿಂತಿದ್ದ ಒಂಬತ್ತು ವರ್ಷದ ಹಾದಿಯಾ ಕಿವಿ ಮುಚ್ಚಿಕೊಂಡು, "ಸೀ ಅಂಕಲ್? ಇಟ್ ಡಸ್ ದಟ್ ಎವ್ರಿ ಟೈಮ್," ಎಂದಳು.

"ಹೆದರಬ್ಯಾಡವಾ, ಈಗ ನೋಡೂಣು ಅದರ ಆಟ," ಎಂದು ಕಲ್ಲಿನಾಥ ಮೊಣಕಾಲೂರಿ ಕುಳಿತ. ಹಾದಿಯಾಳ ಅಪ್ಪ ಹಫೀಜ್ ಹಿಂದಿನಿಂದ ಟಾರ್ಚು ಹಿಡಿದ.

2003ರ ಜನವರಿ, ಶನಿವಾರದ ಮಧ್ಯಾಹ್ನ. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ಮಂಜುಗಡ್ಡೆಗಿಂತ ತಣ್ಣಗೆ. ಶಿಕಾಗೋದ ಸುತ್ತಲಿನ ಸಬರ್ಬುಗಳಲ್ಲಿ ಕನ್ನಡದವರ ಮನೆ ಕಾಯಿಸುವ ಫರ್ನೇಸು ಕೈಕೊಟ್ಟರೆ ಕಂಪನಿಗೆ ಫೋನು ಹೋಗುತ್ತಿರಲಿಲ್ಲ, ಕಲ್ಲಿನಾಥನಿಗೆ ಹೋಗುತ್ತಿತ್ತು. ಅವನ ನೌಕರಿ ಪಂಪುಗಳ ಡಿಸೈನು. ಫರ್ನೇಸಿನ ವಿದ್ಯೆಯನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಒಮ್ಮೆ ತನ್ನ ಮನೆಯದನ್ನು ಬಿಚ್ಚಿ ಜೋಡಿಸಿದಾಗ ಅದು ಅದೃಷ್ಟಕ್ಕೆ ಹೊತ್ತಿಕೊಂಡಿತ್ತು, ಅಷ್ಟೇ. ಅಂದಿನಿಂದ ಮಂದಿ ಅವನನ್ನು ಅಟ್ಟ ಹತ್ತಿಸಿದ್ದರು, ಅವನೂ ಇಳಿಯುವ ಮನಸ್ಸು ಮಾಡಿರಲಿಲ್ಲ. ಫೋನು ಇಡುವುದರೊಳಗೆ ಕೆಂಪು ಟೂಲ್‌ಬಾಕ್ಸ್ ಕಾರಿನಲ್ಲಿರುತ್ತಿತ್ತು. ಕೆಲಸಕ್ಕೆ ಪ್ರತಿಯಾಗಿ ಒಂದು ಲೋಟ ಚಹಾ ಬಿಟ್ಟರೆ ಏನನ್ನೂ ಮುಟ್ಟುತ್ತಿರಲಿಲ್ಲ. "ನಮ್ಮ ಮನಿ ನಲ್ಲಿ ಎರಡು ತಿಂಗಳಿಂದ ಸೋರಲಿಕತ್ತೈತಿ. ಊರಿಗೆ ಉಪಕಾರಿ, ಮನಿಗೆ ಮಾರಿ," ಎಂದು ಹೆಂಡತಿ ಪ್ರಭಾವತಿ ಚುಚ್ಚಿದರೆ ಅವನಿಗೆ ಅದೂ ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ವೆಸ್ಟ್‌ಮಂಟಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಹಫೀಜ್-ಮುಸರ್ರತ್ ದಂಪತಿಯ ಮನೆಯೆಂದರೆ ಅವನಿಗೆ ಇನ್ನೂ ಸಲುಗೆ. ಹಫೀಜ್ ಇಳಕಲ್ಲಿನವನು, ಇವನು ಗಜೇಂದ್ರಗಡದವನು. ಇಬ್ಬರೂ ಸೇರಿದರೆ ಇಂಗ್ಲಿಷು ಬಾಗಿಲ ಹೊರಗೇ ಉಳಿಯುತ್ತಿತ್ತು.

ಮುಂದಿನ ತಗಡು ತೆಗೆದಾಗ ಉರಿ ಕಂಡಿತು. ನೀಲಿಯಾಗಿರಬೇಕಾದದ್ದು ಹಳದಿಯಾಗಿ, ಸೋಮಾರಿಯಂತೆ ಆ ಕಡೆ ಈ ಕಡೆ ವಾಲಾಡುತ್ತಿತ್ತು. ಒಳಗೋಡೆಗೆಲ್ಲ ಮಸಿ. ಕಲ್ಲಿನಾಥ ಗ್ಯಾಸು ಬಂದ್ ಮಾಡಿದ. "ಲೈಟ್ ಮ್ಯಾಲ ಹಿಡೀ," ಎಂದ. ಹೊಗೆ ಚಿಮಣಿಗೆ ಹೋಗುವ ಕೊಳವೆಯ ಬುಡದಲ್ಲಿ ಬಿಲ್ಲೆಯಷ್ಟಗಲದ ಒಂದು ಸ್ವಿಚ್ಚಿತ್ತು. ಅದರ ಎರಡು ತುದಿಗಳನ್ನು ಜೋಡಿಸಿ ಗೇಣುದ್ದದ ಕೆಂಪು ತಂತಿ. ತಂತಿಯ ಗಂಟಿಗೆ ಹಸಿರು ಟೇಪು. ಈ ಊರಿನಲ್ಲಿ ಹಸಿರು ಟೇಪು ಸುತ್ತುವವನು ಅವನೊಬ್ಬನೇ.

ಈ ತಂತಿ ಇನ್ನೂ ಇಲ್ಲೇ ಇದೆ.

ಹಿಂದಿನ ಚಳಿಗಾಲದ ಮೊದಲಲ್ಲಿ, 2001ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಈ ಫರ್ನೇಸು ನಿಂತಿತ್ತು. ಹಾದಿಯಾಗೆ ಜ್ವರ, ಅಂಗಡಿಗಳೆಲ್ಲ ಬಂದ್. ಹೊಗೆ ಮೇಲೆ ಹೋಗದೆ ಮನೆಯೊಳಗೆ ತಿರುಗಿದರೆ ಗ್ಯಾಸು ನಿಲ್ಲಿಸುವುದು ಆ ಸ್ವಿಚ್ಚಿನ ಕೆಲಸ. ಸ್ವಿಚ್ಚೇ ಕೆಟ್ಟಿದೆ ಎಂದು ಕಲ್ಲಿನಾಥ ತೀರ್ಪು ಕೊಟ್ಟಿದ್ದ. ಎರಡು ತುದಿಗೂ ತಂತಿ ಕೂಡಿಸಿ ಅದರ ಬಾಯಿ ಮುಚ್ಚಿಸಿದ ಕೂಡಲೇ ಫರ್ನೇಸು ಹೊತ್ತಿತ್ತು. "ಮುಂದಿನ ವಾರ ಹೊಸಾದು ತಂದು ಹಾಕ್ತೀನಿ" ಎಂದಿದ್ದ. ವಾರ ಹೋಯಿತು, ವರ್ಷ ಹೋಯಿತು. ಮರೆತೆ ಎಂದರೆ ಪೂರ್ತಿ ಸುಳ್ಳಾಗದು, ಆದರೆ ಎರಡು ಸಲ ನೆನಪಾಗಿತ್ತು. ನೆನಪಾದಾಗಲೆಲ್ಲ ಅವನು ತನಗೆ ತಾನೇ ಹೇಳಿಕೊಂಡಿದ್ದ. ಈ ಅಮೆರಿಕದವರಿಗೆ ಎಲ್ಲಕ್ಕೂ ಹೆದರಿಕೆ, ಕಾಫಿ ಬಿಸಿ ಇದೆಯೆಂದು ಕಪ್ಪಿನ ಮೇಲೆ ಬರೆಯುವ ಮಂದಿ. ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಸೀಮೆಎಣ್ಣೆ ಸ್ಟೋವಿನ ಮುಂದೆ ಬೆಳೆದವರು ನಾವು, ನಮಗೇನಾಗಿದೆ?

ಚಿಮಣಿಯ ಕೊಳವೆ ಕಳಚಿದ. ತಿರುವಿನಲ್ಲಿ ಮಸಿ, ಇಟ್ಟಿಗೆಯ ಚೂರು, ಯಾವುದೋ ಹಕ್ಕಿಯ ಗೂಡಿನ ಕಡ್ಡಿಗಳು ಗಿಡಿದುಕೊಂಡಿದ್ದವು. ಗಾಳಿ ಆಡಲು ಎರಡು ಬೆರಳಿನಷ್ಟು ಸಂದಿ ಉಳಿದಿತ್ತು. ಸ್ವಿಚ್ಚು ಕೆಟ್ಟಿರಲಿಲ್ಲ. ಅಂದು ಅದು ನಿಜವನ್ನೇ ಹೇಳಿತ್ತು.

"ಈ ಸಪ್ಪಳ ಯಾವಾಗಿಂದ?" ಎಂದು ಕೇಳಿದ.

"ದೀಪಾವಳಿ ಮುಂದಿಂದ, ಅಣ್ಣಾರ. ಫೋನ್ ಮಾಡೂಣು ಅಂದ್ಲು ಮುಸರ್ರತ್. ನಾನ ಬ್ಯಾಡಂದೆ." ಹಫೀಜ್ ಸಂಕೋಚದಿಂದ ನಕ್ಕ. "ಆ ಸ್ವಿಚ್ಚಿಂದೂ ನೆನಪಿತ್ತು ನನಗ. ಆದ್ರ ನೀವು ಒಂದು ಪೈಸೆ ಮುಟ್ಟಂಗಿಲ್ಲ. ಪುಕ್ಕಟ್ಟೆ ಮಾಡೋರಿಗೆ ಅದ್ಯಾಕ ಮಾಡ್ಲಿಲ್ಲ, ಇದ್ಯಾಕ ಮಾಡ್ಲಿಲ್ಲ ಅಂತ ಹೆಂಗ ಕೇಳೂದ್ರಿ?"

ಕಂಪನಿಯವನಾಗಿದ್ದರೆ ಹಫೀಜ್ ಮರುವಾರವೇ ಅವನ ಕೊರಳಪಟ್ಟಿ ಹಿಡಿಯುತ್ತಿದ್ದ. ಸ್ನೇಹಿತನನ್ನು ಕೇಳಲಾಗಲಿಲ್ಲ. ದಾಕ್ಷಿಣ್ಯ ಎಂಬುದು ನಮ್ಮವರಿಗೆ ಅಂಟಿದ ಹಳೆಯ ಕಾಯಿಲೆ, ಕಡಲು ದಾಟಿದರೂ ವಾಸಿಯಾಗುವುದಿಲ್ಲ.

ಆಗ ಕಲ್ಲಿನಾಥನ ಕಣ್ಣು ಹೊಲಿಗೆ ಮಷೀನಿನ ಮೇಲೆ ಬಿತ್ತು. ಫರ್ನೇಸಿನಿಂದ ಆರು ಅಡಿ ದೂರದಲ್ಲಿ, ಹಳೆಯ ಬೆಡ್‌ಶೀಟು ಹೊದ್ದು ಕೂತಿತ್ತು. ಹಫೀಜನ ಹೆಂಡತಿ ಮುಸರ್ರತ್ ದಿನವೆಲ್ಲ ಅಲ್ಲೇ ಕೂತು ಅರ್ಧ ಸಬರ್ಬಿನ ಹೆಂಗಸರ ಬ್ಲೌಸು ಹೊಲಿಯುತ್ತಿದ್ದಳು. ಹೋದ ಚಳಿಗಾಲದಿಂದ ಅವಳಿಗೆ ತಲೆನೋವು, ಓಕರಿಕೆ, ನಿಂತಲ್ಲೇ ಆಯಾಸ. ಒಬ್ಬ ಡಾಕ್ಟರು ಮೈಗ್ರೇನ್ ಎಂದರು. ಇನ್ನೊಬ್ಬರು ಊರು ನೆನಪಾಗುತ್ತಿರಬೇಕು ಎಂದು ಮನಸ್ಸಿಗೆ ಮಾತ್ರೆ ಕೊಟ್ಟರು. ವಿಚಿತ್ರವೆಂದರೆ ಹೊರಗೆ ಹೋದರೆ ತಲೆನೋವು ಇಳಿಯುತ್ತಿತ್ತು, ಮನೆಗೆ ಬಂದರೆ ಏರುತ್ತಿತ್ತು. ದೀಪಾವಳಿಯ ಊಟದಲ್ಲಿ ಈ ಕಲ್ಲಿನಾಥನೇ ಎಲ್ಲರೆದುರು, "ಮಷೀನ್ ಕಂಡ್ರ ತಲಿನೋವು, ಮಾಲ್ ಕಂಡ್ರ ಮಾಯ!" ಎಂದಿದ್ದ. ಮಂದಿ ನಕ್ಕಿದ್ದರು. ಹಫೀಜನೂ ನಕ್ಕಿದ್ದ. ಎಲ್ಲರೂ ನಗುವಾಗ ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಮುಸರ್ರತ್ ಸಹ ನಕ್ಕಿದ್ದಳು. ಈಗ ಅವಳನ್ನು ಆರು ತಿಂಗಳು ಇಳಕಲ್ಲಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಹಾದಿಯಾಗೆ ಸ್ಕೂಲು, ಅವಳು ಇಲ್ಲೇ ಅಪ್ಪನ ಜೊತೆ. ಬುಧವಾರದ ವಿಮಾನ.

ಕಲ್ಲಿನಾಥ ತಂತಿ ಕಿತ್ತ. ಹಫೀಜ್ ಮಸಿ ತುಂಬಲು ಚೀಲ ತರಲೆಂದು ಆ ಕಡೆ ತಿರುಗಿದ್ದ. ತಂತಿ ಪ್ಯಾಂಟಿನ ಜೇಬಿಗೆ ಹೋಯಿತು. ಕೈ ತಾನಾಗಿ ಮಾಡಿದ ಕೆಲಸ ಎನ್ನಲು ಬರುವುದಿಲ್ಲ, ಅವನು ಯೋಚಿಸಿಯೇ ಮಾಡಿದ. ಚಿಮಣಿ ಕಟ್ಟಿಕೊಂಡಿತ್ತು ಎಂದು ಹೇಳಿದರೆ ಸಾಕು, ಅದು ಸುಳ್ಳಲ್ಲ. ಸ್ವಚ್ಛ ಮಾಡಿ, ಹೊಸ ಸ್ವಿಚ್ಚು ಹಾಕಿದರೆ ಯಾರಿಗೂ ಏನೂ ತಿಳಿಯದು. ಮುಸರ್ರತ್ ಊರಿಗೆ ಹೋಗಿ ಬಂದರೆ ಹವಾ ಬದಲಾಗಿ ಗುಣವಾಯಿತು ಎಂದು ಜನ ಹೇಳುತ್ತಾರೆ. ತನ್ನ ಹೆಸರು ಹೆಸರಾಗಿಯೇ ಉಳಿಯುತ್ತದೆ.

"ಏನಾಗಿತ್ತು ಅಣ್ಣಾರ?" ಎಂದ ಹಫೀಜ್, ಚೀಲ ಬಿಚ್ಚುತ್ತ.

"ಚಿಮಣಿ," ಎಂದ ಕಲ್ಲಿನಾಥ. "ಮ್ಯಾಲ ನಡೀ, ಹೇಳ್ತೀನಿ."

ಅಡುಗೆಮನೆಯಲ್ಲಿ ಮುಸರ್ರತ್ ದುಪಟ್ಟಾದಿಂದ ಹಣೆ ಬಿಗಿದುಕೊಂಡು ಚಹಾ ಸೋಸುತ್ತಿದ್ದಳು. ನಡುಮನೆಯಲ್ಲಿ ಬಾಯ್ದೆರೆದ ಸೂಟ್‌ಕೇಸು ಕಾಣುತ್ತಿತ್ತು. ಅವಳು ಚಹಾದ ಲೋಟ ಅವನ ಮುಂದಿಟ್ಟು, ಪಕ್ಕದಲ್ಲಿ ಒಂದು ಕಾಗದದ ಪೊಟ್ಟಣ ಇಟ್ಟಳು.

"ಪ್ರಭಾ ಅಕ್ಕಾರ ಬ್ಲೌಸ್, ಅಣ್ಣಾರ. ಮುಗಿಸೀನಿ. ತೋಳಿನ ಹೊಲಿಗಿ ಸ್ವಲ್ಪ ಸೊಟ್ಟ ಬಂದೈತಿ, ಅವರಿಗೆ ಬ್ಯಾಸರ ಮಾಡ್ಕೋಬ್ಯಾಡ್ರಿ ಅಂತ ಹೇಳ್ರಿ. ಎರಡು ಸಲ ಬಿಚ್ಚಿ ಹಾಕಿದೆ. ಕಣ್ಣು ಮಂಜಾಗ್ತಾವ್ರಿ." ಆಮೇಲೆ ಸಣ್ಣ ದನಿಯಲ್ಲಿ, "ನೆಪ ಅಲ್ರಿ," ಎಂದಳು.

ಕಲ್ಲಿನಾಥನಿಗೆ ಚಹಾ ಎತ್ತಲಾಗಲಿಲ್ಲ. ಜೇಬಿನಿಂದ ತಂತಿ ತೆಗೆದು ಮೇಜಿನ ಮೇಲಿಟ್ಟ.

"ತಂಗಿ, ನಿನ್ನ ತಲಿನೋವು ನೆಪ ಅಲ್ಲವಾ. ಅದು ನಾ ಮಾಡಿದ್ದು."

ಹೇಳಿದ. ಸ್ವಿಚ್ಚಿನ ಕೆಲಸವೇನು, ಈ ತಂತಿ ಏನು ಮಾಡಿತು, ಬಣ್ಣ ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೇಗೆ ಮನೆ ತುಂಬಿತು, ಎರಡು ಸಲ ನೆನಪಾದರೂ ಹೇಗೆ ಸುಮ್ಮನಿದ್ದೆ, ಈಗ ಕೆಳಗೆ ತಂತಿಯನ್ನು ಜೇಬಿಗೆ ಯಾಕೆ ಹಾಕಿಕೊಂಡೆ ಎಲ್ಲವನ್ನೂ ಹೇಳಿದ. "ಇವತ್ತ ಆಸ್ಪತ್ರೆಗೆ ಹೋಗಿ ಮೂರೂ ಮಂದಿ ರಕ್ತ ತೋರಸ್ರಿ. ನಾನೂ ಬರ್ತೀನಿ, ಡಾಕ್ಟರಿಗೆ ನಾನ ಹೇಳ್ತೀನಿ," ಎಂದ.

ಹಫೀಜನ ಮುಖ ಬಿಳುಪೇರಿತು. ಆದರೂ ಬಾಯಿಗೆ ರೂಢಿಯ ಮಾತೇ ಬಂತು. "ಹೋಗ್ಲಿ ಬಿಡ್ರಿ ಅಣ್ಣಾರ. ನೀವೇನು ಬೇಕಂತ ಮಾಡೀರೇನು? ನಮಗ ಒಳ್ಳೇದಾಗ್ಲಿ ಅಂತನ..."

ಎರಡು ಬಾರಿಸಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಕಲ್ಲಿನಾಥ ತಲೆ ತಗ್ಗಿಸಿದ.

ಮುಸರ್ರತ್ ಹೋಗಿ ಸಿಂಕಿನ ಮೇಲಿನ ಕಿಟಕಿ ತೆಗೆದಳು. ನಡುಮನೆಯ ಕಿಟಕಿ ತೆಗೆದಳು. ಹಾದಿಯಾಳ ಕೋಣೆಯ ಕಿಟಕಿ ಮೇಲೇರಿದ ಸದ್ದೂ ಕೇಳಿತು. ಒಂಬತ್ತು ಡಿಗ್ರಿಯ ಗಾಳಿ ಮನೆಯೊಳಗೆ ನುಗ್ಗಿತು. "ಮಗೂಗ ಥಂಡಿ ಆಗ್ತೈತಿ," ಎಂದು ಹಫೀಜ್ ಏಳಹೋದ. ಅವಳು ಅವನತ್ತ ಒಮ್ಮೆ ನೋಡಿದಳು, ಅವನು ಕುಳಿತ. ಆ ನೋಟದಲ್ಲಿ ದೀಪಾವಳಿಯ ಊಟದ ನಗುವಿನ ಲೆಕ್ಕವೂ ಇತ್ತು. ಮಗಳಿಗೆ ಕೋಟು ತೊಡಿಸಿ, ತಾನೂ ತೊಟ್ಟುಕೊಂಡು ಬಂದು ಮೇಜಿನ ಎದುರು ಕುಳಿತಳು.

"ಅಣ್ಣಾರ," ಎಂದಳು, "ಮತ್ತ ಯಾರ ಮನ್ಯಾಗ ಹಿಂಗ ತಂತಿ ಹಾಕೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಲ್ಲಿನಾಥನ ಕೈ ಜೇಬಿನ ವಿಳಾಸದ ಪುಸ್ತಕದ ಮೇಲಿತ್ತು. ತನ್ನ ತಪ್ಪು ಹೇಳಿಕೊಂಡು ಮುಗಿಯಿತು ಎಂದುಕೊಂಡಿದ್ದವನಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

"ಇನ್ನೆರಡು," ಎಂದ. "ಸ್ಕೋಕಿಯೊಳಗ ನಿರಂಜನ್. ಗ್ಲೆಂಡೇಲ್ ಹೈಟ್ಸ್ ಗುರುಶಾಂತಪ್ಪ."

ಅವಳು ಗೋಡೆಯ ಫೋನು ತೆಗೆದು ಅವನ ಕೈಗೆ ಕೊಟ್ಟಳು. ವಿಳಾಸದ ಪುಸ್ತಕವನ್ನು ಅವನಿಂದ ಇಸಿದುಕೊಂಡು ನಿರಂಜನನ ನಂಬರು ಒಂದೊಂದೇ ಅಂಕೆಯಾಗಿ ಓದಿದಳು. ಎರಡನೇ ರಿಂಗಿಗೇ ಆ ಕಡೆಯಿಂದ ಉತ್ಸಾಹದ ದನಿ ಬಂತು.

"ಓ, ಕಲ್ಲಿನಾಥ್ ಸಾರ್! ನೂರು ವರ್ಷ ಆಯಸ್ಸು ನಿಮಗೆ. ಈಗಷ್ಟೇ ನನ್ನ ಹೆಂಡ್ತಿ ನಿಮ್ಮ ಹೆಸರು ಹೇಳ್ತಿದ್ಲು. ಈ ಚಳೀಲೂ ಮನೆ ಏನ್ ಬೆಚ್ಚಗಿದೆ ಅಂತೀರಾ! ಎಲ್ಲಾ ನಿಮ್ಮ ಕೈಗುಣ ಸಾರ್."

"ನಿರಂಜನ್, ಫರ್ನೇಸ್ ಆಫ್ ಮಾಡ್ರಿ. ಕಿಟಕಿ ಎಲ್ಲಾ ತೆಗೀರಿ."

"ಈ ಚಳೀಲಾ?" ನಿರಂಜನ್ ಜೋರಾಗಿ ನಕ್ಕ. "ಏನ್ ಸಾರ್, ತಮಾಷೆ ಮಾಡ್ತಿದೀರಾ?"

"ನಗಬ್ಯಾಡ್ರಿ. ನಿಮ್ಮ ಕಾಲು ಹಿಡೀತೀನಿ, ನಗಬ್ಯಾಡ್ರಿ. ಮೊದಲು ತೆಗೀರಿ, ಆಮ್ಯಾಲ ಹೇಳ್ತೀನಿ."

ಆ ಕಡೆ ನಗು ನಿಂತಿತು. ಹೆಜ್ಜೆಯ ಸಪ್ಪಳ, ಯಾರನ್ನೋ ಕೂಗಿದ್ದು, ಸ್ಕೋಕಿಯ ಆ ಮನೆಯಲ್ಲಿ ಕಿಟಕಿಯೊಂದು ಕಿರುಗುಟ್ಟುತ್ತ ಮೇಲೇಳುವ ಸದ್ದು, ಎಲ್ಲವನ್ನೂ ಅವನು ಉಸಿರು ಹಿಡಿದು ಕೇಳಿದ. ಎದುರಿಗೆ ಮುಸರ್ರತ್ ಪುಸ್ತಕದ ಪುಟ ತಿರುವಿ, ಗುರುಶಾಂತಪ್ಪನ ನಂಬರಿನ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದಳು.