ಐಸಣ್ಣನ ಪಿಕಪ್‌ಗೆ ಐದು ವರ್ಷದ ಖರ್ಚು

ಮೀನು ಮಾರುವವರಿಗೆ ಐಸ್ ಹಾಕುವ ಅವನನ್ನು ಎಲ್ಲರೂ ಐಸಣ್ಣ ಅಂತಲೇ ಕರೆಯುತ್ತಿದ್ದರು. ಐಸ್ ಗಡ್ಡೆಯನ್ನು ಗೆಣ್ಣಿನಿಂದ ಬಡಿದು, ಸದ್ದು ಕೇಳಿಯೇ ಒಳಗೆ ಟೊಳ್ಳೋ ಗಟ್ಟಿಯೋ ಹೇಳುವುದರಲ್ಲಿ ಅವನದು ಎತ್ತಿದ ಕೈ. ಬಾಡಿಗೆ ಗಾಡಿ ಸಾಕಾಗಿ ಸ್ವಂತ ಪಿಕಪ್ ಕೊಳ್ಳಲು ಹೊರಟಾಗಲೂ ಅದನ್ನೇ ಮಾಡಿದ. ಒಂದು ಶೋರೂಮಿನಲ್ಲಿ ಬಿಳಿ ಗಾಡಿ ನೋಡಿದ, ಇನ್ನೊಂದರಲ್ಲಿ ಕೆಂಪು ಗಾಡಿಯ ಬಾಗಿಲು ಬಡಿದ, ಬಾನೆಟ್ ಬಡಿದ, ಮನೆಗೆ ಬಂದು ಹೆಂಡತಿಗೆ ತೀರ್ಪು ಕೊಟ್ಟ.

"ಕಲ್ಲುಬಂಡೆ ಕಣೇ! ಬಿಳೀ ಗಾಡಿಗಿಂತ ನಲವತ್ತು ಸಾವಿರ ಕಡಿಮೆ ಬೇರೆ. ನಾಳೆ ಮುಂಗಡ ಕೊಡೋದೇ."

ಗಾಡಿಗೆ ಹಾಕುವುದು ಹೆಂಡತಿ ಸಂಘದಲ್ಲಿ ಎಂಟು ವರ್ಷ ಕಟ್ಟಿದ ದುಡ್ಡು. ಹೋದರೆ ಮತ್ತೆ ಎಂಟು ವರ್ಷ. ಅವಳು ಹೆದರಿ ತಂಗಿಯನ್ನು ಕರೆಸಿದಳು. ತಂಗಿಗೆ ಗ್ಯಾರೇಜಿನಲ್ಲಿ ಬಿಡಿಭಾಗ ಕೊಡುವ ಕೆಲಸ.

ನಾದಿನಿ ಒಳಗೆ ಬರುತ್ತಲೇ ಕೇಳಿದಳು, "ಭಾವ, ಗಾಡಿ ಎಷ್ಟು ವರ್ಷ ಇಟ್ಕೊಳ್ತೀರಿ?"

"ಐದು ವರ್ಷವಾದ್ರೂ ಬೇಕು."

"ಐದು ವರ್ಷದ ಖರ್ಚು ಕೇಳಿದ್ರಾ?"

"ಹೊಸ ಗಾಡಿಗೆ ಎಂಥಾ ಖರ್ಚಮ್ಮ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತೀಯಲ್ಲ!"

"ಆನೆ ತರೋದು ಸುಲಭ ಭಾವ, ಮೇವು ಹಾಕೋದು ಕಷ್ಟ. ಫೋನ್ ಕೊಡಿ."

ಎರಡೂ ಶೋರೂಮಿಗೆ ಫೋನ್ ಹೋಯಿತು. ಐಸಣ್ಣನ ಓಡಾಟ ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್. ಕೆಂಪು ಗಾಡಿಗೆ ಐದು ಸಾವಿರಕ್ಕೊಮ್ಮೆ ಸರ್ವಿಸ್, ಬಿಳಿಯದಕ್ಕೆ ಹತ್ತು ಸಾವಿರಕ್ಕೊಮ್ಮೆ. ಒಂದು ಸರ್ವಿಸ್‌ಗೆ ಎರಡು ಕಡೆಯೂ ಮೂರು ಸಾವಿರ. ಐದು ವರ್ಷಕ್ಕೆ ಕೆಂಪು ಗಾಡಿಗೆ ಅಲ್ಲೇ ಮೂವತ್ತಾರು ಸಾವಿರ ಹೆಚ್ಚು ಬಂತು.

"ವಾಪಸ್ ಬರ್ತಾ ಖಾಲಿ ಮೀನಿನ ಬುಟ್ಟಿ ತರ್ತೀರಲ್ಲ, ಆ ಉಪ್ಪುನೀರು ಎಲ್ಲಿ ಸೇರುತ್ತೆ?"

"ಇನ್ನೆಲ್ಲಿ, ಗಾಡಿ ತಳಕ್ಕೆ."

"ಕೆಂಪು ಗಾಡಿ ತಳಕ್ಕೆ ಬರೀ ಬಣ್ಣ. ಐದು ವರ್ಷದಲ್ಲಿ ಎರಡು ಸಲ ತಗಡು ಬದಲಾಯಿಸ್ಬೇಕು. ಅದಕ್ಕೂ ಒಂದು ಮೂವತ್ತಾರು ಸಾವಿರ. ಬಿಳೀದಕ್ಕೆ ತುಕ್ಕು ಹಿಡೀದಿರೋ ಲೇಪ ಮೊದಲೇ ಹಾಕಿದ್ದಾರೆ."

"ನಲವತ್ತು ಉಳಿಸೋಕೆ ಎಪ್ಪತ್ತೆರಡು ಕಳ್ಕೋಬೇಕಾ?" ಹೆಂಡತಿ ಕೇಳಿದಳು.

ಐಸಣ್ಣ ಬಗ್ಗಲಿಲ್ಲ. "ಒಂದೇ ಸಲ ಕೊಡೋದಲ್ವಲ್ಲ, ದುಡಿದು ಹಾಕ್ತೀನಿ ಬಿಡು."

"ಸರಿ ಭಾವ. ಕ್ಲಚ್ ಪ್ಲೇಟ್ ಹೋದ್ರೆ ಎಷ್ಟು ದಿನಕ್ಕೆ ಸಿಗುತ್ತೆ, ನೀವೇ ಕೇಳಿ."

ಕೇಳಿದ. ಬಿಳಿಯದಕ್ಕೆ ಮರುದಿನವೇ. ಕೆಂಪು ಗಾಡಿಯವರು ತಣ್ಣಗೆ ಹೇಳಿದರು, "ಹನ್ನೆರಡು ದಿನ ಆಗುತ್ತಣ್ಣ."

ಐಸಣ್ಣನ ಮುಖ ಸಪ್ಪಗಾಯಿತು. "ನನ್ನ ಐಸು ಹನ್ನೆರಡು ಗಂಟೆ ತಡೆಯಲ್ಲ. ಗಿರಾಕಿಗಳು ಹನ್ನೆರಡು ದಿನ ತಡೀತಾರಾ? ಎರಡನೇ ದಿನಕ್ಕೇ ಬೇರೆಯವನನ್ನ ಹಿಡೀತಾರೆ."

ಮರುದಿನ ಮುಂಗಡ ಬಿಳಿ ಗಾಡಿಗೆ ಹೋಯಿತು. ಸರ್ವಿಸ್ ದರವನ್ನು ಹೆಂಡತಿ ಅಲ್ಲೇ ಬರೆಸಿಕೊಂಡಳು. ಅವಳಿಗೆ ಅಂದು ನಿಜಕ್ಕೂ ಸಮಾಧಾನವಾಯಿತು.

ಪಿಕಪ್ ಕೊಳ್ಳಲು ಹೊರಟವರೇ, ನಿಮ್ಮ ಕೆಲಸಕ್ಕೆ ಯಾವ ಗಾಡಿ ಸರಿ ಎಂದು ನಾವು ಹೇಳಲಾರೆವು. ನಿಮ್ಮ ದಾರಿ ಬೇರೆ, ನಿಮ್ಮ ಹೊರೆ ಬೇರೆ. ಆದರೆ ಬೆಲೆ ಕೇಳಿದ ಬಾಯಲ್ಲೇ ಸರ್ವಿಸ್, ಟಯರು, ತುಕ್ಕು, ಬಿಡಿಭಾಗ ಸಿಗುವ ದಿನ ಎಲ್ಲವನ್ನೂ ಕೇಳಿ. ಇಂದೇ ಕೇಳಿ. ಮುಂಗಡ ಕೊಟ್ಟ ಮೇಲೆ ಕೇಳಿದರೆ ಉತ್ತರ ಸಿಗುತ್ತದೆ, ದುಡ್ಡು ವಾಪಸ್ ಸಿಗುವುದಿಲ್ಲ.