ಎದುರುಬದುರು ಸೀಟು

ನಮ್ಮದು ಹದಿನೇಳು ಜನರ ಮನೆ. ಎಲ್ಲರೂ ಕೂಡಿ ಹೋಗಲಿಕ್ಕೆ ಒಂದು ಗಾಡಿ ಬೇಕೆಂದು ಮೂರು ವರ್ಷ ಗಂಟಲು ಹರಿದುಕೊಂಡವಳು ಹಿರಿಸೊಸೆಯಾದ ನಾನೇ. ಕಡೆಗೆ ಕುಷ್ಟಗಿಯ ಗ್ಯಾರೇಜಿನಲ್ಲಿ ಹಳೆಯ ವ್ಯಾನೊಂದು ಸಿಕ್ಕಿತು. ಮೊದಲಿನ ಮಾಲೀಕ ಸೀಟುಗಳನ್ನು ಎದುರುಬದುರು ಕೂಡಿಸಿದ್ದರಿಂದ ಹದಿನೇಳು ಜನವೂ ಹಿಡಿಸುತ್ತಿದ್ದೆವು. ಅಲ್ಲಿಂದಲೇ ಹುಲಿಗಿಯ ದೇವಿಯ ಗುಡಿಗೆ ಹೋಗೋಣವೆಂದು ಬುತ್ತಿ ಕಟ್ಟಿಕೊಂಡು ಬಂದಿದ್ದೆವು.

ಮಾವ ಮುದಿಯಪ್ಪ ವ್ಯಾನಿನೊಳಗೆ ಇಣುಕಿದವರೇ ಗ್ಯಾರೇಜಿನ ಮಿಸ್ತ್ರಿಯ ಮೇಲೆ ಸಿಡಿದರು. "ಸೊಸ್ತ್ಯಾರು ಮಾವ-ಭಾವನ ಮಾರಿಗೆ ಮಾರಿ ಕೊಟ್ಟು ಕುಂದ್ರಬೇಕೇನು? ಸೀಟು ತಿರುವಿ ಹಾಕಪಾ."

"ಎರಡು ತಾಸಿನ ಕೆಲಸರಿ. ಆದ್ರ ಆಮ್ಯಾಲ ಹನ್ನೊಂದು ಮಂದಿ ಅಷ್ಟ ಹಿಡಸ್ತಾರ," ಎಂದ ಮಿಸ್ತ್ರಿ.

"ಹಿಡಿಸಲಿ. ಹೆಂಗಸರು ಆರು ಮಂದಿ ಬಸ್ಸಿಗೆ ಬರ್ಲಿ. ಹೆಂಗೂ ಸರ್ಕಾರ ಅವರಿಗೆ ಪುಕ್ಕಟ ಬಿಟ್ಟೈತಿ."

ನನ್ನ ಮೈ ಉರಿದುಹೋಯಿತು. "ದಿನಾ ನಿಮ್ಮ ತಾಟಿಗೆ ರೊಟ್ಟಿ ನೀಡುವಾಗ ನಮ್ಮ ಮಾರಿ ಎಲ್ಲಿ ಇಟ್ಟು ಬಂದಿರ್ತೀವ್ರಿ?" ಎಂದೆ. ನನ್ನ ಗಂಡ ಟೈರು ಒದ್ದು ನೋಡುತ್ತ ಅತ್ತ ಸರಿದ. ಅವನ ಮೂವರು ತಮ್ಮಂದಿರಿಗೂ ಆಗಲೇ ಟೈರು ನೆನಪಾಯಿತು.

ಅತ್ತೆ ಭೀಮಕ್ಕ ಬುತ್ತಿಗಂಟು ಎತ್ತಿ ತಲೆಯ ಮೇಲಿಟ್ಟುಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ನಾವು ನಾಲ್ವರು ಸೊಸೆಯಂದಿರೂ ನಾದಿನಿಯೂ ಬೆನ್ನುಹತ್ತಿದೆವು.

"ಬುತ್ತಿ ಇಲ್ಲೇ ಇಟ್ಟು ಹೋಗ!" ಮಾವ ಕೂಗಿದರು.

ಅತ್ತೆ ತಿರುಗಿ ನಿಂತಳು. "ಪುಕ್ಕಟ ಬಸ್ಸು ಹುಲಿಗಿಗೆ ಅಷ್ಟ ಅಲ್ಲ, ಎಲ್ಲಾ ಕಡೆ ಹೋಗ್ತೈತಿ. ನಾವು ಡ್ಯಾಮ್ ನೋಡಾಕ ಹೊಂಟೀವಿ, ಬುತ್ತಿ ನಮ್ಮ ಜೋಡಿ ಬರ್ತೈತಿ. ನೀವು ಹನ್ನೊಂದು ಮಂದಿ ಒಬ್ಬರ ಬೆನ್ನು ಒಬ್ಬರು ನೋಡಕೋತ ಹೋಗ್ರಿ."