ಹೊಳೆಮತ್ತಿಯ ಕೆಳಗಿನ ಹೊಗೆ

ಹುಣಸೂರಿನ ಹೆಣ್ಣುಮಕ್ಕಳ ಶಾಲೆಯೊಂದರ ಉಪಾಧ್ಯಾಯಿನಿ ನೀಲಾಂಬಿಕೆ ತಮ್ಮ ಗೈಡ್ ದಳದ ಹುಡುಗಿಯರನ್ನು ಹೆಗ್ಗಡದೇವನಕೋಟೆ ಕಡೆಯ ಕಪಿಲಾ ಹೊಳೆಯ ದಂಡೆಗೆ ಕರೆದುಕೊಂಡು ಹೋದದ್ದು 1957ರ ಸಂಕ್ರಾಂತಿ ಕಳೆದ ಮೇಲೆ. ಡೇರೆ ಹಾಕುವ ಮುಂಚೆಯೇ ಹುಡುಗಿಯರನ್ನು ಕೂರಿಸಿಕೊಂಡು, ಕಾಡಿಗೆ ನಾವು ನೆಂಟರು, ನೆಂಟರ ಹಾಗೇ ಇರಬೇಕು ಎಂದು ಹೇಳಿದರು. ಹಸಿ ಕೊಂಬೆ ಮುರಿಯಬಾರದು, ಮುಸುರೆಯನ್ನು ಹೊಳೆಗೆ ಚೆಲ್ಲಬಾರದು, ಒಲೆ ಹೂಡುವುದೇನಿದ್ದರೂ ಬರಿ ಮರಳಿನ ಮೇಲೆ. ದಂಡೆಯ ದೊಡ್ಡ ಹೊಳೆಮತ್ತಿ ಮರದಲ್ಲಿ ಹೆಜ್ಜೇನು ಕಟ್ಟಿತ್ತು. ಮೊರದಗಲದ ಹುಟ್ಟುಗಳು ಕೊಂಬೆಯಿಂದ ಕಪ್ಪಗೆ ಜೋತುಬಿದ್ದಿದ್ದವು. ಅದನ್ನು ತೋರಿಸಿ, ಆ ಮರದ ಹತ್ತಿರ ಯಾರೂ ಸುಳಿಯಬೇಡಿ, ಅಕಸ್ಮಾತ್ ಜೇನು ಎದ್ದರೆ ಕಂಬಳಿ ಹೊದ್ದು ಬೋರಲು ಮಲಗಿಬಿಡಿ ಎಂದರು.

ಮಾರನೆಯ ದಿನ ಅಡುಗೆಯ ಸರದಿ ಸರ್ವಮಂಗಳಳ ತಂಡದ್ದು. ಅವಳು ಚುರುಕಿನ ಹುಡುಗಿ, ತಂಡದ ನಾಯಕಿ. ಅವತ್ತು ಬೆಳಗಿನಿಂದಲೂ ಗಾಳಿ ಬೀಸುತ್ತಿತ್ತು. ಮರಳು ಹಾರಿ ಬಂದು ಅನ್ನದ ತಪ್ಪಲೆಗೇ ಬೀಳುತ್ತಿತ್ತು. ಕೇಳೋಣವೆಂದರೆ ನೀಲಾಂಬಿಕೆ ಉಳಿದವರಿಗೆ ಪ್ರಾಣಿಗಳ ಹೆಜ್ಜೆ ತೋರಿಸಲು ಹೊಳೆಯ ಮೇಲ್ಗಡೆ ಹೋಗಿದ್ದರು. ಸರ್ವಮಂಗಳ ಕಲ್ಲುಗಳನ್ನು ಎತ್ತಿಸಿ ಮತ್ತಿ ಮರದ ಬೇರಿನ ಮರೆಗೆ ಒಲೆ ಹೂಡಿದಳು. ಇಬ್ಬನಿಯಲ್ಲಿ ನೆನೆದಿದ್ದ ಸೌದೆ ಹತ್ತಿಕೊಳ್ಳದೆ ದಟ್ಟವಾಗಿ ಹೊಗೆಯಾಡಿತು.

ನೀಲಾಂಬಿಕೆ ವಾಪಸು ಬಂದು ಡೇರೆಗಳನ್ನು ತಲುಪುವಾಗ ಹೊಗೆ ಕಂಡರು. ಅದು ಏಳುತ್ತಿದ್ದುದು ಮರಳಿನಿಂದಲ್ಲ, ಮತ್ತಿ ಮರದ ಬುಡದಿಂದ. ಅಷ್ಟರಲ್ಲಿ ಮಳೆ ದೂರದಿಂದ ಬರುವಂಥ ಮೊರೆತ ಕೇಳಿಸಿತು. ಅಡುಗೆಯ ತಂಡದ ಹುಡುಗಿಯರು ಚೀರುತ್ತ ಓಡಿ ಬಂದರು. ನೀಲಾಂಬಿಕೆ ಸಿಕ್ಕಿದವರನ್ನೆಲ್ಲ ಡೇರೆಯೊಳಗೆ ನೂಕಿ, ಕಂಬಳಿ ಎಳೆದು ಮುಚ್ಚಿ, ಉಸಿರೆತ್ತಬೇಡಿ ಎಂದರು.

ರಾಮಮ್ಮ ಮಾತ್ರ ಇರಲಿಲ್ಲ. ನೀರು ತರಲು ಹೋಗಿದ್ದ ಆ ಹುಡುಗಿ ಹೆದರಿ ಹೊಳೆಗೇ ಇಳಿದುಬಿಟ್ಟಿದ್ದಳು. ತಲೆ ಎತ್ತಿದಾಗಲೆಲ್ಲ ಜೇನು ಮುತ್ತುತ್ತಿತ್ತು. ನೀಲಾಂಬಿಕೆ ಕಂಬಳಿ ಹೊದ್ದು ಹೋಗಿ ಅವಳನ್ನು ಅದರೊಳಕ್ಕೆ ಎಳೆದುಕೊಂಡು ಡೇರೆಗೆ ತಂದರು. ಅವಳ ಮುಖ ಆಗಲೇ ಬಾತು ಗುರುತು ಸಿಗದಂತಾಗಿತ್ತು. ಬಟ್ಟೆಯ ಗೋಡೆಯ ಮೇಲೆ ಹುಳುಗಳು ಆಲಿಕಲ್ಲಿನಂತೆ ಬಡಿಯುತ್ತಿದ್ದವು. ಸಮಯ ಹೋದರೂ ಮೊರೆತ ಇಳಿಯಲಿಲ್ಲ. ಒಲೆ ಇನ್ನೂ ಹೊಗೆಯಾಡುತ್ತಿತ್ತು. ಅದು ಆರುವ ತನಕ ಜೇನು ಕೂರುವುದಿಲ್ಲ, ರಾಮಮ್ಮನನ್ನು ಆಸ್ಪತ್ರೆಗೆ ಸಾಗಿಸುವಂತೆಯೂ ಇಲ್ಲ.

ಕಂಬಳಿಯೊಳಗಿನಿಂದ ಸರ್ವಮಂಗಳ ಅಳುತ್ತ ಹೇಳಿದಳು: "ಒಲೆ ಹೂಡಿದ್ದು ನಾನು ಮೇಡಂ. ನಾನೇ ಓಗಿ ಆರುಸ್ತೀನಿ."

"ಏಳಬೇಡ ಕಣೇ. ನೀನೂ ಬಂದ್ರೆ ನಾನು ಇಬ್ಬರನ್ನ ನೋಡ್ಕೋಬೇಕಾಗ್ತದೆ. ರಾಮಮ್ಮನ ಕೈ ಹಿಡ್ಕೊಂಡು ಮಲಕ್ಕೊ."

ನೀಲಾಂಬಿಕೆ ನೆನೆದ ಕಂಬಳಿಯನ್ನೇ ಹೊದ್ದು, ಒಂದು ಕೊಡ ನೀರು ಹಿಡಿದು, ಕೂತುಕೊಂಡೇ ಒಲೆಯ ಕಡೆಗೆ ಸರಿದರು. ಅರ್ಧ ದಾರಿಯಲ್ಲಿ ಹುಳುವೊಂದು ಕಂಬಳಿಯೊಳಗೆ ನುಗ್ಗಿ ರೆಪ್ಪೆಗೆ ಕಚ್ಚಿತು. ಅಲ್ಲೇ ನೆಲಕ್ಕೆ ಮುಖವೊತ್ತಿ ಬಿದ್ದುಕೊಂಡರು. ಮುಂದೆ ಹೋಗಲು ತಮ್ಮಿಂದ ಆಗುವುದಿಲ್ಲ ಎಂದೇ ಅನ್ನಿಸಿತು. ಹಿಂದಕ್ಕೆ ಹೋಗುವುದಕ್ಕೂ ಅಷ್ಟೇ ಹೆದರಿಕೆ. ಡೇರೆಯಲ್ಲಿ ರಾಮಮ್ಮ ನರಳಿದ್ದು ಕೇಳಿಸಿತು. ಮತ್ತೆ ಸರಿದರು. ನೀರು ಸುರಿದಾಗ ಬುಸ್ಸೆಂದು ಇನ್ನಷ್ಟು ಹೊಗೆ ಎದ್ದು, ಮೇಲಿನ ಮೊರೆತ ತಲೆಯೊಳಗೇ ಹೊಕ್ಕಂತಾಯಿತು. ಅವರು ಕೈಯಿಂದಲೇ ಒದ್ದೆ ಮಣ್ಣು ಎಳೆದೆಳೆದು ಕೆಂಡ ಮುಚ್ಚಿ, ಅದರ ಪಕ್ಕದಲ್ಲೇ ಅಲುಗಾಡದೆ ಮಲಗಿದರು.

ಹೊತ್ತು ಇಳಿಯುವಾಗ ಜೇನು ಹುಟ್ಟಿಗೆ ಮರಳಿತು. ಸುದ್ದಿ ತಿಳಿದು ಹತ್ತಿರದ ಹಳ್ಳಿಯ ಸಣ್ಣಯ್ಯ ಗಾಡಿ ಕಟ್ಟಿಕೊಂಡು ಬಂದು ರಾಮಮ್ಮನನ್ನು ಹೆಗ್ಗಡದೇವನಕೋಟೆಯ ಆಸ್ಪತ್ರೆಗೆ ಸೇರಿಸಿದ. ಉಳಿದವರು ಆ ರಾತ್ರಿ ಹಳ್ಳಿಯ ಚಾವಡಿಯಲ್ಲಿ ತಂಗಿದರು. ಹುಡುಗಿ ಬದುಕಿಕೊಳ್ಳುತ್ತಾಳೆ ಎಂಬ ಸುದ್ದಿಯನ್ನು ಬೆಳಿಗ್ಗೆ ಅವನೇ ತಂದ.

"ಸಂಜೀಕೆ ಒಂದು ಪಂಜು ಇಡುದ್ರೆ ಒಂದೂ ಉಳಿಯಾಕಿಲ್ಲ ಅವ್ವಾರೆ. ಸುಟ್ಟಾಕ್ಬುಡ್ಲಾ?" ಎಂದು ಕೇಳಿದ.

ಹುಡುಗಿಯರೆಲ್ಲ ನೀಲಾಂಬಿಕೆಯ ಊದಿದ ಮುಖವನ್ನೇ ನೋಡಿದರು. ಹೂಂ ಅನ್ನಲಿ ಎಂದು ಅವರ ಕಣ್ಣುಗಳೇ ಕೇಳುತ್ತಿದ್ದವು.

"ಬೇಡ ಸಣ್ಣಯ್ಯ. ಅವು ನಮ್ಮ ಮನೆಗೆ ಬರಲಿಲ್ಲ. ನಾವೇ ಅವುಗಳ ಮನೆಗೆ ಹೊಗೆ ಹಾಕಿದ್ವಿ."

ಡೇರೆ, ಪಾತ್ರೆಗಳು ಹೊಳೆಯ ದಂಡೆಯಲ್ಲೇ ಇದ್ದವು. ಬಿಸಿಲೇರುವ ಮುಂಚೆ ತೆಗೆದುಕೊಂಡು ಬರಬೇಕಿತ್ತು. ಹೋಗಲು ಯಾರಿಗೂ ಕಾಲೇಳಲಿಲ್ಲ. ನೀಲಾಂಬಿಕೆಗೂ ಅಷ್ಟೇ. ಒಂದು ನೊಣ ಹಾರಿದರೂ ಬೆಚ್ಚುತ್ತಿದ್ದರು. ಆದರೂ ಅವರೇ ಮುಂದೆ ನಡೆದರು. ಹುಡುಗಿಯರು ಗೂಟ ಕಿತ್ತು, ಬಟ್ಟೆ ಮಡಚಿ ಗಾಡಿಗೆ ತುಂಬಿದರು. ಸರ್ವಮಂಗಳ ನೀಲಾಂಬಿಕೆಯ ಮುಖ ನೋಡಿ, ಅವರು ಹೂಂ ಎಂದು ತಲೆಯಾಡಿಸಿದ ಮೇಲೆ, ಒಬ್ಬಳೇ ಮತ್ತಿ ಮರದ ಕೆಳಗೆ ಹೋದಳು. ತಲೆಯ ಮೇಲೆ ಹುಟ್ಟುಗಳು ಮೆಲ್ಲಗೆ ಅಲೆಯಾಡುತ್ತಿದ್ದವು. ಮಣ್ಣಿನಡಿಯ ಅರೆಸುಟ್ಟ ಕೊಳ್ಳಿಗಳನ್ನು ಒಂದೊಂದಾಗಿ ಹೆಕ್ಕಿ ಲಂಗದ ಮಡಿಲಿಗೆ ಹಾಕಿಕೊಂಡಳು. ಆಮೇಲೆ, ಓಡಬೇಕೆಂದು ಮೈಯೆಲ್ಲ ತವಕಿಸುತ್ತಿದ್ದರೂ, ನಡೆದೇ ಬಂದಳು.